ಸ್ವಂತ ವಾಕ್ಯದಲ್ಲಿ ಬಳಸಿರಿ

ಕೌಲ್ ಬಜಾರಿನ ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ರಾತ್ರಿ ಎಂಟರ ಕ್ಲಾಸು. ಮೂರು ಬೆಂಚು, ಒಂದು ಫ್ಯಾನು,
ನಾವು ಹನ್ನೊಂದು ಮಂದಿ,
ಉಗುರಿನ ಸಂದಿಗೆ ಜೀನ್ಸಿನ ನೀಲಿ ಕೂತಿರುವಂತೆಯೇ
ಪೆನ್ನು ಹಿಡಿಯುವವರು.

ಗ್ಲೋರಿಯಾ ಮೇಡಂ ಬೋರ್ಡಿಗೆ ಬರೆದರು: ಗಿಲ್ಟ್.
"ಸರಕ್ಕ ಹಾಕ್ತಾರಲ್ರೀ ಗಿಲೀಟು, ಅದಾ?" ಅಂದಳು ಶೇಕಮ್ಮ.
ನಕ್ಕೆವು. ಮೇಡಂ ನಗಲಿಲ್ಲ.
"ಅದು ಮೇಲೆ ಬಳಿಯೋದು. ಇದು ಒಳಗಿಂದ ಬರೋದು."

ಆಮೇಲೆ ಬ್ಲೇಮ್, ರಿಮೋರ್ಸ್, ಡಿಲೆಮಾ.
ಡಿಲೆಮಾಗೆ ಎರಡು ಕೋಡಂತೆ, ಹೋರಿಯ ಹಾಗೆ.
ಯಾವುದು ತಿವಿದರೂ ತಿವಿತವೇ.
ನಮ್ಮಲ್ಲಿ ಅಡಕತ್ತರಿ ಅಂತೀವಿ ಮೇಡಂ,
ಹೋರಿಗಾದರೆ ತನ್ನದೇ ಸಿಟ್ಟು,
ಕತ್ತರಿಯ ಹಿಂದೆ ಯಾರದೋ ಕೈ ಇರುತ್ತದೆ.
ಇದನ್ನು ಹೇಳಲಿಲ್ಲ ನಾನು.

ನನ್ನದು ಲೇಬಲ್ಲಿನ ಕೆಲಸ. ಸೊಂಟಪಟ್ಟಿಯ ಹಿಂದೆ
ತೊಗಲಿನಂಥದೊಂದು ಚೌಕ, ನಾಲ್ಕೂ ಅಂಚಿಗೆ ಹೊಲಿಗೆ,
ದಿನಕ್ಕೆ ಆರುನೂರು.
ಏಳು ವರ್ಷ ಅದರ ಮೇಲಿನ ಅಕ್ಷರ ನನಗೆ ಇರುವೆ ಸಾಲು.
ತಲೆಕೆಳಗಾಗದಿದ್ದರೆ ಸಾಕು:
ದುಂಡನೆಯದು ಮೊದಲು, ಕೋಲಿನಂಥದು ಕೊನೆಗೆ.

ಕ್ಲಾಸು ಸೇರಿದ ಮೂರನೆಯ ತಿಂಗಳು ಒಂದು ಮಧ್ಯಾಹ್ನ
ಸೂಜಿಯ ಕೆಳಗೆ ಇರುವೆಗಳು ನಿಂತವು.
ಮೇಡ್.
ಇನ್.
ಇಟಲಿ.
ಕಿಟಕಿಯಾಚೆ ಬಳ್ಳಾರಿ ಗುಡ್ಡ
ಎಲ್ಲಿತ್ತೋ ಅಲ್ಲೇ ಇತ್ತು.

ಮೊದಲು ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.
ಓದಿದೆನಲ್ಲ!
ಕಟಿಂಗ್ ಟೇಬಲ್ಲಿನ ಮಾಬುವನ್ನು ಕರೆದು ತೋರಿಸಿದೆ.
ಹತ್ತೊಂಬತ್ತರ ಹುಡುಗ, ಮೀಸೆ ಇನ್ನೂ ಗೆರೆ.
"ಇಟಲಿ ಎಲ್ಲೈತಕ್ಕಾ? ಗುಂತಕಲ್ ದಾಟಿ ಏನು?"

ರೇಡು ಬಂದ ದಿನ ಸಾಹುಕಾರ ಕೇಶವಲು
ಆದೋನಿಗೆ ಮದುವೆಗೆ ಹೋಗಿದ್ದರು.
ಲೇಬಲ್ಲಿನ ಡಬ್ಬ ಮಾಬುವಿನ ಟೇಬಲ್ಲಿನ ಕೆಳಗೆ ಸಿಕ್ಕಿತು.
ಅಲ್ಲಿಟ್ಟವಳು ನಾನು, ಬೆಳಿಗ್ಗೆ,
ನನ್ನ ಮಷೀನಿನ ಎಣ್ಣೆ ಸೋರಿ ತಾಗಬಾರದೆಂದು.
"ಇದರಾಗ ಏನು ಬರದೈತಿ, ಗೊತ್ತೇನಮ್ಮ?"
"ನಂಗ ಇಂಗ್ಲೀಷು ಓದಾಕ ಬರಂಗಿಲ್ರೀ."
ಹುಟ್ಟಿದಾಗಿನಿಂದ ನಿಜವಾಗಿದ್ದ ಮಾತು
ನಲವತ್ತು ದಿನದ ಕೆಳಗಷ್ಟೇ ಸುಳ್ಳಾಗಿತ್ತು.
ಸಹಿ ಬರುತ್ತಿತ್ತು, ಹೆಬ್ಬೆಟ್ಟು ಒತ್ತಿದೆ.
ಪ್ಯಾಡಿನ ನೀಲಿ, ಜೀನ್ಸಿನ ನೀಲಿ
ಬೆರಳಲ್ಲಿ ಬೇರೆಬೇರೆ ಕಾಣಲಿಲ್ಲ.

ಗುನ್ನೆ ಮಾಬುವಿನ ಹೆಸರಿಗೆ ಬಿತ್ತು.
ಅವನ ಅಜ್ಜಿ ನಮಾಜಿನಲ್ಲಿ ಅಳುತ್ತ ಆಡುವ ಮಾತು ಅದು,
ಠಾಣೆಯಲ್ಲಿ ಅದಕ್ಕೊಂದು ನಂಬರು ಕೊಟ್ಟಿದ್ದರು.

ಇವತ್ತಿನ ಪದ: ಕಾಂಪ್ಲಿಸಿಟ್.
"ತಪ್ಪಿಗೆ ಕೈ ಜೋಡಿಸಿದವರು," ಅಂದರು ಮೇಡಂ.
ಕೈ ಜೋಡಿಸಿದರೆ ನಮ್ಮಲ್ಲಿ ನಮಸ್ಕಾರವೂ ಆಗುತ್ತದೆ.
"ಸ್ವಂತ ವಾಕ್ಯದಲ್ಲಿ ಬಳಸಿರಿ."
ಶೇಕಮ್ಮ ಎದ್ದು ನಿಂತು
ಅತ್ತೆಯ ಮೇಲೆ ಒಂದು ವಾಕ್ಯ ಮಾಡಿ ಕೂತಳು.
ಬೆಂಚು ಅಲುಗುವಷ್ಟು ನಗು.

ನನ್ನ ಸರದಿ.
ಕನ್ನಡದಲ್ಲಾದರೆ ತಪ್ಪಾಯಿತು ಅಂದುಬಿಡಬಹುದು,
ಹೊತ್ತಾಯಿತು, ಮಳೆಯಾಯಿತು, ತಪ್ಪಾಯಿತು,
ಯಾರೂ ಮಾಡದೆ ತಾನೇ ಆದ ಹಾಗೆ.
ಇಂಗ್ಲೀಷು ಬಿಡುವುದಿಲ್ಲ.
ಮೊದಲು ಆ ಕೋಲು ನೆಡಬೇಕು: ಐ.
ಲೇಬಲ್ಲಿನಲ್ಲಿ ಕೊನೆಗೆ ನಿಲ್ಲುತ್ತಿದ್ದದ್ದು
ಇಲ್ಲಿ ಮುಂದೆ ಬಂದು ನಿಲ್ಲುತ್ತದೆ.

ನೆಟ್ಟೆ. ಮುಂದೆ ಬರೆಯಲಾಗಲಿಲ್ಲ.
ಮೇಡಂ ಹಾಳೆ ನೋಡಿದರು, ನನ್ನ ಮುಖ ನೋಡಿದರು,
ಹಿಂದಿನ ಬೆಂಚಿಗೆ ಹೋದರು.

ನಾಳೆ ಹನ್ನೊಂದಕ್ಕೆ ಮಾಬುವಿನ ವಾಯಿದೆ.
ಇಲ್ಲಿಂದ ಕೋರ್ಟಿಗೆ ಆಟೋಕ್ಕೆ ಎಷ್ಟು ಅಂತ
ಶೇಕಮ್ಮನಿಗೆ ಮೆಲ್ಲಗೆ ಕೇಳಿದೆ.
"ಇಪ್ಪತ್ತು," ಅಂದಳು. "ಯಾಕ, ನೀ ಹೊಂಟೀಯೇನು?"